ಸಾಂಗ್ಲಿ ಹೆಸರಿನ ಗಣಿ, ಗದುಗಿನ ಗುಡ್ಡ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ, ಉಮದಿ, ಸಂಖ ಕಡೆ, ಹೊಲಕ್ಕೆ ಬೋರ್ ಗಾಡಿ ಬಂದಿತೆಂದರೆ ಊರಿನ ಅರ್ಧ ಜನ ಅಲ್ಲಿ ನಿಂತಿರುತ್ತಾರೆ. ಕೊಳವೆಯ ಬಾಯಿಂದ ಬೂದು ಬಣ್ಣದ ಕಲ್ಲುಹುಡಿ ಹೊಗೆಯಂತೆ ಏಳುತ್ತದೆ. ಹಿರಿಯರೊಬ್ಬರು ಬಗ್ಗಿ ಒಂದು ಚಿಟಿಕೆ ಹುಡಿ ತೆಗೆದು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಾರೆ. ಪಸೆ ಹತ್ತಿತೇ? ಬಣ್ಣ ತಿರುಗಿತೇ? ಕಲ್ಲು ಮೆತ್ತಗಾಯಿತೇ? ಇನ್ನೂ ನೂರು ಅಡಿ ಇಳಿಸುವುದೋ, ಇಲ್ಲಿಗೇ ಸಾಕೆನ್ನುವುದೋ ಎಂಬುದು ಆ ಚಿಟಿಕೆ ಹುಡಿಯ ಮೇಲೆ ನಿಂತಿರುತ್ತದೆ. ಸಾಲ ತಂದವನ ಕಣ್ಣು ಆ ಬೆರಳುಗಳ ಮೇಲೆಯೇ ಇರುತ್ತದೆ.

ನೆಲದೊಳಗಿನ ಚಿನ್ನ ಹುಡುಕುವವರ ಕೆಲಸವೂ ಬಹುಮಟ್ಟಿಗೆ ಇದೇ. ಅವರ ಯಂತ್ರ ಹುಡಿಯ ಬದಲು ಕಬ್ಬಿನ ಗಳದಂಥ ಉದ್ದನೆಯ ಕಲ್ಲಿನ ದಿಂಡನ್ನು ಮೇಲಕ್ಕೆ ಎತ್ತುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಎಷ್ಟನೇ ಅಡಿಯದೆಂದು ಬರೆದು, ಉದ್ದಕ್ಕೆ ಸೀಳಿ, ಅರ್ಧವನ್ನು ಪರೀಕ್ಷೆಗೆ ಕಳಿಸಿ ಅರ್ಧವನ್ನು ಕಾದಿಡುತ್ತಾರೆ.

ಜತ್ತದ ನೆಲದಲ್ಲಿ ಚಿನ್ನ ಹುಡುಕುವ ಮಾತಿಲ್ಲ. ಇಲ್ಲಿರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಪದರಪದರವಾಗಿ ಹೆಪ್ಪುಗಟ್ಟಿದ ಕಪ್ಪು ಕಲ್ಲು. ಕನ್ನಡ ನಾಡಿನ ಚಿನ್ನ ಇರುವುದು ಅದಕ್ಕಿಂತ ಬಹಳ ಹಳೆಯ, 250 ಕೋಟಿ ವರ್ಷ ದಾಟಿದ ಧಾರವಾಡ ಶಿಲೆಗಳಲ್ಲಿ, ಅವುಗಳ ನಡುವೆ ಹಾದುಹೋದ ಬಿಳಿ ಬೆಣಚುಕಲ್ಲಿನ ಎಳೆಗಳಲ್ಲಿ. ಆದರೂ ಚಿನ್ನದ ಗಣಿಗಳ ನಕ್ಷೆಯಲ್ಲಿ ಸಾಂಗ್ಲಿಯ ಹೆಸರಿದೆ! ‘ಸಾಂಗ್ಲಿ ಗಣಿ’ ಇರುವುದು ಸಾಂಗ್ಲಿಯಲ್ಲಲ್ಲ, ಗದಗ ಜಿಲ್ಲೆಯ ಕಪ್ಪತಗುಡ್ಡದ ಸೀಮೆಯಲ್ಲಿ. ಕಬಲಾಯತಕಟ್ಟಿ, ಅತ್ತಿಕಟ್ಟಿ, ಹೊಸೂರು ಎಂಬ ಹಳೆಯ ಗಣಿಗಳ ಸಾಲಿನಲ್ಲಿ.

ಆ ಹೆಸರು ಒಂದು ಕಾಲದ ಗಡಿಯನ್ನು ನೆನಪಿಸುತ್ತದೆ. ಪಟವರ್ಧನರ ಸಾಂಗ್ಲಿ ಸಂಸ್ಥಾನ ಒಂದೇ ತುಂಡು ನೆಲವಾಗಿರಲಿಲ್ಲ. ಮಿರಜ ಪ್ರಾಂತ, ಮಂಗಳವೇಢೆ, ತೇರದಾಳ, ಶಹಾಪುರ, ಶಿರಹಟ್ಟಿ ಎಂದು ಚೆಲ್ಲಿಕೊಂಡಿತ್ತು. ತುಂಗಭದ್ರೆಯ ಕಡೆಯ ಶಿರಹಟ್ಟಿ ಸಾಂಗ್ಲಿಯ ಅರಸರಿಗೆ ಕಂದಾಯ ಕಟ್ಟುತ್ತಿದ್ದಾಗ, ಸಾಂಗ್ಲಿಗೆ ಇಷ್ಟು ಹತ್ತಿರದ ಜತ್ತ ಡಫಳೆಯವರ ಬೇರೆಯೇ ಸಂಸ್ಥಾನವಾಗಿತ್ತು. 1948ರಲ್ಲಿ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಶಿರಹಟ್ಟಿ ಮೈಸೂರಿಗೆ ಹೋಯಿತು, ಜತ್ತ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಗಡಿಗಳು ಬದಲಾದರೂ ಗಣಿಯ ಹೆಸರು ಬದಲಾಗಲಿಲ್ಲ.

ಗುಡ್ಡದ ಚಿನ್ನವನ್ನು ಮೊದಲು ಕಂಡವರು ಕಂಪನಿಯವರಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳದ ಗುಡ್ಡಗಳ, ಅಂದರೆ ಇದೇ ಕಪ್ಪತಗುಡ್ಡದ ಸಾಲಿನ, ಚಿನ್ನದ ಬಗ್ಗೆ ವರದಿ ಬರೆದದ್ದು 1874ರಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ಮಳೆಗಾಲದಲ್ಲಿ ಗುಡ್ಡದಿಂದಿಳಿದ ಹಳ್ಳಗಳ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನದ ಕಣ ತೆಗೆಯುವ ಜಲಗಾರರು ಅಲ್ಲಿದ್ದರು. ಮರಿಗೆಯನ್ನು ನೀರಿನಲ್ಲಿ ಓಲಾಡಿಸುತ್ತ ಹಗುರ ಮರಳನ್ನು ಚೆಲ್ಲಿ, ತಳದಲ್ಲಿ ಉಳಿದ ಕರಿಮರಳಿನ ಅಂಚಿನಲ್ಲಿ ಹಳದಿಯ ಎಳೆ ಕಾಣುವ ತನಕ ಕೈ ನಿಲ್ಲಿಸುತ್ತಿರಲಿಲ್ಲ. ಜಲಗಾರ ಎಂದರೆ ಬೀದಿ ಗುಡಿಸುವವನೆಂಬ ಅರ್ಥವೇ ಇಂದು ಉಳಿದಿದೆ. ಧೂಳು ತೊಳೆದು ಚಿನ್ನ ತೆಗೆಯುವವನೆಂಬ ಅರ್ಥ ನಿಘಂಟಿಗೆ ಸರಿದಿದೆ. ಗಣಿಯ ಇತಿಹಾಸ ಬರೆಯುವವರು ಫೂಟ್ ಸಾಹೇಬರಿಂದ ಶುರು ಮಾಡುವುದಕ್ಕಿಂತ ಈ ಪದದಿಂದ ಶುರು ಮಾಡುವುದು ನ್ಯಾಯ.

20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಕಂಪನಿಗಳು ಇಲ್ಲಿ ಶಾಫ್ಟ್ ಇಳಿಸಿದವು, ಸುರಂಗ ಕೊರೆದವು, ಕೈಗೆ ಬಂದ ಚಿನ್ನ ಖರ್ಚಿಗೆ ಸಾಲದೆ ಬಿಟ್ಟು ಹೋದವು. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿ ದಾಟಿತು. ಅಂದು ಗಿಟ್ಟದೆ ಬಿಟ್ಟ ಕಲ್ಲು ಇಂದು ಗಿಟ್ಟೀತೇ ಎಂಬ ಪ್ರಶ್ನೆ ಇಂಥ ಹಳೆಯ ಗಣಿಗಳಿಗೆಲ್ಲ ಏಳುವುದು ಸಹಜ.

ಲೆಕ್ಕವನ್ನು ಹೊಲದ ಭಾಷೆಯಲ್ಲೇ ಹೇಳಬಹುದು. ಒಂದು ಟನ್ ಕಲ್ಲಿನಲ್ಲಿ 3 ಗ್ರಾಂ ಚಿನ್ನವಿದೆ ಎಂದಿಟ್ಟುಕೊಳ್ಳಿ. ಒಂದು ತೊಲದ ಸರಕ್ಕೆ ನಾಲ್ಕು ಟನ್ನಿನಷ್ಟು ಕಲ್ಲನ್ನು ಒಡೆದು, ಮೇಲೆ ತಂದು, ಹಿಟ್ಟಿನಂತೆ ಬೀಸಿ, ಸಯನೈಡ್ ನೀರಿನಲ್ಲಿ ಕಲಸಬೇಕು. ಸರ ಕೊರಳಿಗೆ ಹೋಗುತ್ತದೆ, ನಾಲ್ಕು ಟನ್ ಹಿಟ್ಟು ಊರಿನ ಮಗ್ಗುಲಲ್ಲೇ ಉಳಿಯುತ್ತದೆ. ಹಳೆಯ ಗಣಿಯ ಮರುಮೌಲ್ಯಮಾಪನವೆಂದರೆ ಕೆಳಗೆ ಎಷ್ಟು ಚಿನ್ನ ಉಳಿದಿದೆ ಎನ್ನುವುದಷ್ಟೇ ಅಲ್ಲ. ಮೇಲೆ ಏನು ಬಿಟ್ಟು ಹೋದರು, ಮುಂದೆ ಏನು ಬಿಡಲಿದ್ದಾರೆ ಎನ್ನುವುದೂ ಅದೇ ಕಾಗದದಲ್ಲಿ ಬರಬೇಕು. ಈವರೆಗೆ ಎರಡನೆಯದು ಬಂದದ್ದು ಕಡಿಮೆ.

ಸಾಂಗ್ಲಿ ಜಿಲ್ಲೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾನಾಪುರ, ಆಟಪಾಡಿ ಸೀಮೆಯ ಸಾವಿರಾರು ಕುಟುಂಬಗಳು ದೇಶದ ಊರೂರಿನ ಸರಾಫ ಕಟ್ಟೆಗಳಲ್ಲಿ ಚಿನ್ನ ಬೆಳ್ಳಿ ಕರಗಿಸಿ ಶುದ್ಧ ಮಾಡುವ ಕಸಬು ನಡೆಸುತ್ತವೆ. ಮರಾಠಿಯಲ್ಲಿ ಅದಕ್ಕೆ ಗಲಾಯಿ ಎನ್ನುತ್ತಾರೆ. ಬರ ಅಟ್ಟಿದ ಮಂದಿ ಮೂಸೆ, ಟಂಕಣ, ಆಸಿಡ್ ನಂಬಿ ಬದುಕು ಕಟ್ಟಿಕೊಂಡರು. ಅಕ್ಕಸಾಲಿಗರ ಅಂಗಡಿಯ ಕಸ, ಕಾಲೊರಸು, ಕೈ ತೊಳೆದ ನೀರು ಇವುಗಳಿಂದಲೂ ಚಿನ್ನ ತೆಗೆಯಬಲ್ಲ ಈ ಜನಕ್ಕೆ ಅದರ ಬೆಲೆಯೂ ಗೊತ್ತು. ಚಿಕ್ಕ ಕೋಣೆಯಲ್ಲಿ ಆಸಿಡ್ಡಿನ ಹಳದಿ ಹೊಗೆ ಕುಡಿದ ಎದೆ ಕೊನೆಗೆ ಏನಾಗುತ್ತದೆ ಎಂಬುದೂ ಗೊತ್ತು.

ಹಳೆಯ ಗಣಿಯನ್ನು ಮತ್ತೆ ನೋಡಿ ಗೆದ್ದ ಉದಾಹರಣೆ ಬೇಕೆಂದರೆ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಹಟ್ಟಿಗೆ ಹೋಗಬೇಕು. ನಿಜಾಮರ ಕಾಲದಲ್ಲಿ ಅಲ್ಲಿ ಶಾಫ್ಟ್ ಇಳಿಸಿದ ಎಂಜಿನಿಯರುಗಳಿಗೆ ತಮಗಿಂತ ಮುಂಚೆ ಯಾರೋ ಕೆಳಗಿಳಿದಿದ್ದು ಕಂಡಿತು. ಅದೂ 640 ಅಡಿ ಆಳದವರೆಗೆ. ಪಂಪು, ಸಿಡಿಮದ್ದು, ಉಕ್ಕಿನ ಹಗ್ಗ ಒಂದೂ ಇಲ್ಲದ ಕಾಲ ಅದು. ಕಲ್ಲಿನ ಮುಖಕ್ಕೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿ ಕಾಯಿಸುವುದು, ಕಾದ ಬಂಡೆಗೆ ನೀರೆರಚಿ ಬಿರಿಸುವುದು, ಬಿರುಕಿಗೆ ಉಳಿ ಹಾಕುವುದು. ಒಳಗೆ ಸಿಕ್ಕ ಮರದ ತೊಲೆಗಳ ಕಾರ್ಬನ್ ಪರೀಕ್ಷೆ ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಕರೆದೊಯ್ದಿತು. ಹೊಗೆ ತುಂಬಿದ ಆ ಕಿಂಡಿಗಳಲ್ಲಿ ಎಷ್ಟು ಜೀವ ಉಸಿರು ಕಟ್ಟಿ ಹೋಯಿತೋ, ಯಾವ ಶಾಸನದಲ್ಲೂ ಅವರ ಹೆಸರಿಲ್ಲ.

ಶಾಸನ ಎಂದಾಗ ಮಸ್ಕಿಯನ್ನು ಬಿಡುವಂತಿಲ್ಲ. 1915ರಲ್ಲಿ ಇದೇ ರಾಯಚೂರು ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಬಂಡೆಯ ಮೇಲೆ ಅಕ್ಷರ ಕಂಡವು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬಂಥ ಬಿರುದುಗಳಿಂದಷ್ಟೇ ಕಾಣುತ್ತಿದ್ದ ಅರಸನ ಅಶೋಕ ಎಂಬ ಹೆಸರು ಆ ಬಂಡೆಯಲ್ಲಿತ್ತು.

ಹಟ್ಟಿಯ ಹೊಸ ಗಣಿಗಾರಿಕೆಯೂ ನೇರ ದಾರಿಯಲ್ಲಿ ಬರಲಿಲ್ಲ. 1903ರಿಂದ 1920ರವರೆಗೆ ಒಂದು ಕಂಪನಿ ನಡೆಸಿ ನಿಲ್ಲಿಸಿತು. ನಡುವೆ ಮತ್ತೆ ಶೋಧ ನಡೆದು 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. ರಾಜ್ಯ ಪುನರ್ವಿಂಗಡಣೆಯ ಬಳಿಕ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಇಂದಿಗೂ ಕರ್ನಾಟಕ ಸರ್ಕಾರದ ಈ ಗಣಿಯ ಕಾರ್ಮಿಕರು ಪಾಳಿಪಾಳಿಯಾಗಿ ಕೇಜ್ ಹತ್ತಿ ಕೆಳಗಿಳಿಯುತ್ತಾರೆ. ಒಮ್ಮೆ ನಷ್ಟವೆಂದು ಮುಚ್ಚಿದ ಗಣಿ ತಾಳ್ಮೆಯ ಶೋಧದಿಂದ ಮತ್ತೆ ಸಾವಿರಾರು ಮನೆಗಳ ಒಲೆ ಉರಿಸಿತು. ಗಣಿ ಎಂದ ಕೂಡಲೇ ಬೇಡ ಎನ್ನುವವರು ಹಟ್ಟಿಯ ಈ ಬದುಕನ್ನು ಮರೆಯಬಾರದು.

ಬೇಕು ಎನ್ನುವವರು ಕೋಲಾರದ ಚಿನ್ನದ ಗಣಿಯನ್ನು ಮರೆಯಬಾರದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಗಣಿಯ ಯಂತ್ರಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆರಂಭದಲ್ಲಿ ಟನ್ನಿಗೆ 40 ಗ್ರಾಂ ಮೀರಿ ಕೊಡುತ್ತಿದ್ದ ಕಲ್ಲು ಕೊನೆಗೆ 3 ಗ್ರಾಮಿನ ಆಸುಪಾಸಿಗೆ ಬಂತು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಗೆ 2001ರ ಫೆಬ್ರುವರಿ 28ರಂದು ಬೀಗ ಬಿತ್ತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಏರಿತು. ಊರಿನ ಜನ ಬೆಳಗಾಗುವ ಮೊದಲೇ ರೈಲು ಹಿಡಿದು ಬೆಂಗಳೂರಿನ ಕೆಲಸಕ್ಕೆ ಹೊರಡುವ ದಿನಚರಿ ಶುರುವಾಯಿತು.

ಅಲ್ಲಿ ಉಳಿದದ್ದು ಸಯನೈಡ್ ಗುಡ್ಡಗಳು. 13 ದಿಬ್ಬಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಬೀಸಿದ ಕಲ್ಲುಹಿಟ್ಟು. ಗಾಳಿ ಬಿಟ್ಟ ದಿನ ಅದು ಮನೆಯ ಅನ್ನದ ತಟ್ಟೆಗೂ ಬರುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸಾವಿರ ಎಕರೆಗೂ ಹೆಚ್ಚಿನ ಈ ಜಾಗದ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಇದು ಸರಿಯಾದ ಹೆಜ್ಜೆ. ಸಾಂಗ್ಲಿಯ ಗಲಾಯಿಯವರು ಅಂಗಡಿಯ ಕಸದಲ್ಲಿ ಮಾಡುವ ಕೆಲಸವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುವುದು. ಹೊಸ ಬಂಡೆ ಸಿಡಿಸಬೇಕಿಲ್ಲ, ಹೊಸ ಕಾಡು ಕಡಿಯಬೇಕಿಲ್ಲ. ಆದರೆ ಚಿನ್ನ ತೆಗೆದ ಮೇಲೆ ಆ ಹಿಟ್ಟನ್ನು ಎಲ್ಲಿ, ಹೇಗೆ, ಯಾರ ಖರ್ಚಿನಲ್ಲಿ ಮುಚ್ಚಿಡುತ್ತಾರೆ ಎಂಬುದು ಮೊದಲ ಗ್ರಾಂ ಚಿನ್ನ ಬರುವ ಮುಂಚೆ ಕಾಗದದ ಮೇಲಿರಬೇಕು.

ಕೋಲಾರ ಇನ್ನೊಂದು ದಾರಿಯನ್ನೂ ತೋರಿಸಿತ್ತು. 1965ರಲ್ಲಿ ಅದೇ ಚಾಂಪಿಯನ್ ರೀಫಿನ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನ್ ಮತ್ತು ಬ್ರಿಟನ್ನಿನ ಸಂಗಡಿಗರೊಡನೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಗುರುತು ಹಿಡಿದರು. ಆ ಪ್ರಯೋಗಕ್ಕೆ ಬೇಕಾದದ್ದು ತಲೆಯ ಮೇಲಿನ ಅಷ್ಟು ಕಲ್ಲು, ಬೇಡದ ಕಣಗಳನ್ನೆಲ್ಲ ತಡೆಯುವ ಕಲ್ಲು. ಗಣಿಯ ಆಳಕ್ಕೆ ಚಿನ್ನವನ್ನು ಬಿಟ್ಟೂ ಬೆಲೆಯಿದೆ.

ಕಪ್ಪತಗುಡ್ಡಕ್ಕೆ ಮರಳಿದರೆ, ಅಲ್ಲಿನ ಜನ ತಮ್ಮ ಮೌಲ್ಯಮಾಪನವನ್ನು ಈಗಾಗಲೇ ಮಾಡಿದ್ದಾರೆ. 2015ರಲ್ಲಿ ಸರ್ಕಾರ ಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಂಡಾಗ ಗದುಗಿನ ಬೀದಿಗಳು ತುಂಬಿದವು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2017ರಲ್ಲಿ ಘೋಷಣೆ ಮರಳಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಔಷಧಿ ಸಸ್ಯಗಳಿಗೆ ಹೆಸರಾದ, ಸುತ್ತಲಿನ ಹಳ್ಳಗಳಿಗೆ ನೀರು ಬಿಡುವ ಗುಡ್ಡವದು. ವನ್ಯಜೀವಿಧಾಮದೊಳಗೂ ಅದರ ಅಂಚಿನಿಂದ ಒಂದು ಕಿಲೋಮೀಟರ್ ಒಳಗೂ ಗಣಿಗಾರಿಕೆ ಕೂಡದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚಿನ್ನದ ದರ ಏರಿತೆಂದು ಈ ತೀರ್ಮಾನವನ್ನು ಮತ್ತೆ ಕೆದಕುವುದು ತಪ್ಪು. ಒಂದು ಕೊಡ ನೀರಿಗೆ ಟ್ಯಾಂಕರಿನ ಹಿಂದೆ ಓಡಿದ ಜತ್ತದ ಹೆಣ್ಣುಮಗಳನ್ನು ಕೇಳಿದರೆ, ನೀರು ಕೊಡುವ ಗುಡ್ಡವನ್ನು ಯಾಕೆ ಕೊರೆಯಬಾರದೆಂದು ಒಂದೇ ಮಾತಿನಲ್ಲಿ ಹೇಳಿಯಾಳು.

ಹಾಗೆಂದು ಹಳೆಯ ಗಣಿಗಳಿಗೆ ಬೆನ್ನು ತಿರುಗಿಸಬೇಕಿಲ್ಲ. ಶೋಧ ಬೇರೆ, ಗಣಿಗಾರಿಕೆ ಬೇರೆ. ಬಿಟ್ಟುಹೋದ ಶಾಫ್ಟುಗಳು ಎಲ್ಲಿವೆ, ಯಾವ ಸುರಂಗ ಕುಸಿದಿದೆ, ಎಲ್ಲಿ ನೀರು ನಿಂತಿದೆ, ಪ್ರಾಚೀನರ ಕಿಂಡಿ ಯಾವುದು, ಕಂಪನಿಯವರದು ಯಾವುದು ಎಂದು ಅಳೆದು ನಕ್ಷೆ ಮಾಡುವ ಕೆಲಸ ಗುಡ್ಡಕ್ಕೆ ಗಾಯ ಮಾಡದೆ ಆಗಬಲ್ಲದು. ಪುರಾತತ್ವದವರು, ಭೂವಿಜ್ಞಾನಿಗಳು, ಅರಣ್ಯ ಇಲಾಖೆಯವರು ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಇದು. ದನ ಕಾಯುವ ಹುಡುಗ ಕಾಲು ಜಾರಿ ಬೀಳದಂತೆ ತೆರೆದ ಬಾಯಿಗಳಿಗೆ ಬೇಲಿ ಹಾಕುವುದು ಅದರ ಮೊದಲ ದಿನದ ಕೆಲಸವಾಗಬೇಕು.

ಭಾಷೆಯ ಮಾತೂ ಇದೆ. ದೊಡ್ಡ ಗಣಿ ಯೋಜನೆಗಳಿಗೆ 2006ರ ನಿಯಮದಂತೆ ಸಾರ್ವಜನಿಕ ಅಹವಾಲು ನಡೆಯಬೇಕು, ಪರಿಸರ ವರದಿ ಜನರ ಮುಂದಿಡಬೇಕು. ಪೂರ್ಣ ವರದಿ ಇಂಗ್ಲಿಷಿನಲ್ಲಿರುತ್ತದೆ, ಸ್ಥಳೀಯ ಭಾಷೆಗೆ ಬರುವುದು ಸಾರಾಂಶ ಮಾತ್ರ. ನೀರಿನ ಲೆಕ್ಕ, ಸಯನೈಡಿನ ಲೆಕ್ಕ, ಮುಚ್ಚುವ ದಿನದ ಲೆಕ್ಕ ದಪ್ಪ ವರದಿಯ ಒಳಪುಟಗಳಲ್ಲಿ ಉಳಿದುಬಿಡುತ್ತವೆ. ಕನ್ನಡದ ಹಳ್ಳಿಗೆ ಪೂರ್ಣ ವರದಿಯೇ ಕನ್ನಡದಲ್ಲಿ ಬರಬೇಕು. ಮರಾಠಿ ಕಾಗದಕ್ಕೆ ಸಹಿ ಹಾಕಿ ಆಮೇಲೆ ಅರ್ಥ ಕೇಳಿಕೊಂಡು ರೂಢಿಯಾದ ಜತ್ತದ ಕನ್ನಡಿಗರಿಗೆ ಈ ಬೇಡಿಕೆಯ ತೂಕ ಚೆನ್ನಾಗಿ ಗೊತ್ತು.

ಅದೇ ಜತ್ತದವರಿಗೆ ಇಲ್ಲಿ ಒಂದು ಕೆಲಸವೂ ಇದೆ. ಮರಾಠಿ ಸಂಸ್ಥಾನಗಳ ದಫ್ತರ ನಡೆಯುತ್ತಿದ್ದದ್ದು ಮೋಡಿ ಲಿಪಿಯಲ್ಲಿ. ಶಿರಹಟ್ಟಿ ಸೀಮೆಯ ಹಳ್ಳಗಳನ್ನು ಯಾರಿಗೆ ಗುತ್ತಿಗೆ ಕೊಟ್ಟರು, ಜಲಗಾರರಿಂದ ಏನು ಪಡೆದರು, ಕಂಪನಿಗೆ ಎಷ್ಟು ವರ್ಷದ ಕರಾರು ಬರೆದುಕೊಟ್ಟರು ಎಂಬುದನ್ನು ಆ ಗಂಟುಗಳಲ್ಲಿ ಹುಡುಕಬೇಕಾದವರಿಗೆ ಎರಡೂ ಭಾಷೆ ಬರಬೇಕು, ಕನ್ನಡದ ಊರ ಹೆಸರು ಮೋಡಿಯಲ್ಲಿ ಹೇಗೆ ತಿರುಚಿಕೊಂಡೀತೆಂದು ಗೊತ್ತಿರಬೇಕು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುತ್ತ ಬೆಳೆದ ಹುಡುಗ ಹುಡುಗಿಯರು ಜತ್ತದ ಕಾಲೇಜುಗಳಲ್ಲಿ ಇದ್ದಾರೆ. ಅವರಲ್ಲಿ ನಾಲ್ವರಿಗೆ ಆರು ತಿಂಗಳು ಮೋಡಿ ಕಲಿಸಿ, ಸಾಂಗ್ಲಿಯ ಗಣಿಯ ಶೋಧವನ್ನು ಕಾಗದದ ಗಂಟು ಬಿಚ್ಚುವುದರಿಂದಲೇ ಆರಂಭಿಸಬಹುದು.