ಮೂರು ತಲೆಮಾರು, ಒಂದು ತಕ್ಕಡಿ

ಮಕ್ಕಳೇ, ಈ ವಾರ ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬರ ಎತ್ತರ 1.60 ಮೀಟರ್, ತೂಕ 64 ಕಿಲೋ ಎನ್ನಿ. ಎತ್ತರವನ್ನು ಎತ್ತರದಿಂದಲೇ ಗುಣಿಸಿದರೆ 2.56. ತೂಕವನ್ನು ಅದರಿಂದ ಭಾಗಿಸಿದರೆ ಸರಿಯಾಗಿ 25. ಡಾಕ್ಟರರು ಬಿಎಂಐ ಎನ್ನುವುದು ಇದನ್ನೇ. ಹತ್ತೊಂಬತ್ತನೇ ಶತಮಾನದಲ್ಲಿ ಬೆಲ್ಜಿಯಂ ದೇಶದ ಕ್ವೆಟೆಲೆ ಎಂಬ ಗಣಿತಜ್ಞ ಕೊಟ್ಟ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು. ನಮ್ಮವರ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ ನಮ್ಮ ದೇಶದ ವೈದ್ಯರು 23ಕ್ಕೇ ಎಚ್ಚರಿಸುತ್ತಾರೆ. ಇದು ದೊಡ್ಡವರ ಲೆಕ್ಕ, ನಿಮ್ಮ ಮೇಲೆ ಪ್ರಯೋಗಿಸಬೇಡಿ. ಬೆಳೆಯುವ ಮಕ್ಕಳಿಗೆ ಬೇರೆ ಪಟ್ಟಿಯೇ ಇದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ ಜನರನ್ನು ತೂಗಿ, ಅಳೆದು ಬರೆದುಕೊಂಡರು. 15ರಿಂದ 49 ವರ್ಷದವರಲ್ಲಿ 25 ದಾಟಿದವರು ದೇಶದಲ್ಲಿ ನೂರಕ್ಕೆ ಸುಮಾರು 24 ಹೆಂಗಸರು, 23 ಗಂಡಸರು. ನಮ್ಮ ಕರ್ನಾಟಕದಲ್ಲಿ ಇಬ್ಬರದೂ 30ರ ಮೇಲೆ. ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ನಮ್ಮದು 22-23 ಇತ್ತು. ಬ್ಯಾಂಕಿನಲ್ಲಿ ಠೇವಣಿ ಹೀಗೆ ಬೆಳೆದಿದ್ದರೆ ಮ್ಯಾನೇಜರು ಸಿಹಿ ಹಂಚುತ್ತಿದ್ದರು.

ವಯಸ್ಸಿನ ಪ್ರಕಾರ ಬಿಡಿಸಿ ನೋಡಿದರೆ ವಿಷಯ ಇನ್ನೂ ಸ್ವಾರಸ್ಯ. ಹದಿನೈದರಿಂದ ಹತ್ತೊಂಬತ್ತರ ಹುಡುಗಿಯರಲ್ಲಿ ತೂಕ ಹೆಚ್ಚಿರುವವರು ಸುಮಾರು ಇಪ್ಪತ್ತಕ್ಕೆ ಒಬ್ಬಳು. ನಲವತ್ತು ದಾಟಿದ ಹೆಂಗಸರಲ್ಲಿ ಸುಮಾರು ಮೂವರಿಗೆ ಒಬ್ಬರು. ನಮ್ಮಂಥ ಅರವತ್ತು ದಾಟಿದವರನ್ನು 2017-18ರಲ್ಲಿ ಇನ್ನೊಂದು ರಾಷ್ಟ್ರೀಯ ಸಮೀಕ್ಷೆ ತೂಗಿತು. ನೂರಕ್ಕೆ ಸುಮಾರು 22 ಮಂದಿಗೆ ತೂಕ ಹೆಚ್ಚು, ಆದರೆ 27 ಮಂದಿಗೆ ಇರಬೇಕಾದ್ದಕ್ಕಿಂತ ಕಡಿಮೆ! ಚಿತ್ರ ಬರೆದರೆ ಗುಡ್ಡದ ಹಾಗೆ: ಹತ್ತಿ, ನಡುವಯಸ್ಸಿನಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಅಮೆರಿಕದಲ್ಲೂ ಅದೇ ಆಕಾರ. ಅಲ್ಲಿ 2021-23ರ ಅಳತೆಯಲ್ಲಿ 30 ದಾಟಿದ ಬೊಜ್ಜಿನವರೇ 20-39ರ ವಯಸ್ಸಿನಲ್ಲಿ ನೂರಕ್ಕೆ 35.5, 40-59ರಲ್ಲಿ 46.4, ಅರವತ್ತರ ಮೇಲೆ 38.9.

ಈ ಗುಡ್ಡ ನೋಡಿ ನನ್ನ ವಾಕಿಂಗ್ ಸ್ನೇಹಿತರೊಬ್ಬರು, "ಹಾಗಾದರೆ ಮಗನಿಗೆ ಹೇಳುವುದೇ ಬೇಡ ಬಿಡಿ, ಅರವತ್ತಾದರೆ ತಾನೇ ಕರಗುತ್ತೆ" ಅಂದರು. ನಾನು ಒಪ್ಪಲಿಲ್ಲ. ಈ ಪಟ್ಟಿ ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಇದ್ದಂತೆ, ಒಬ್ಬನ ಪಾಸ್‌ಬುಕ್ ಅಲ್ಲ. ಇದರಲ್ಲಿರುವ ನಲವತ್ತರವರೂ ಎಪ್ಪತ್ತರವರೂ ಬೇರೆ ಬೇರೆ ಜನ, ಬೇರೆ ಬೇರೆ ಕಾಲದಲ್ಲಿ ಬೆಳೆದವರು. 1965-66ರ ಬರಗಾಲದಲ್ಲಿ ನಾನು ಹೈಸ್ಕೂಲ್ ಹುಡುಗ. ಅಮೆರಿಕದ ಗೋಧಿಗೆ ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತ ತಲೆಮಾರು ನಮ್ಮದು. ನಮ್ಮಲ್ಲಿ ಅನೇಕರು ನಲವತ್ತರಲ್ಲೂ ಸಣಕಲಾಗಿಯೇ ಇದ್ದೆವು. ಈಗಿನ ನಲವತ್ತರವರು ಕುರ್ಚಿ, ಕಾರು, ಲಿಫ್ಟು ಎಂದು ಕೂತು ನಿಂತೇ ದಿನ ಕಳೆದು, ರಾತ್ರಿ ಹತ್ತಕ್ಕೆ ಮೊಬೈಲಿನಲ್ಲಿ ಊಟ ತರಿಸುವವರು. ಅವರು ಎಪ್ಪತ್ತಾದಾಗ ನಮ್ಮಂತೆ ಇಳಿಯುತ್ತಾರೆ ಎಂಬುದಕ್ಕೆ ಯಾವ ಖಾತರಿ? ಅಷ್ಟರೊಳಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಬಡ್ಡಿಯ ಹಾಗೆ ಕೂಡುತ್ತಲೇ ಇರುತ್ತವೆ.

ಇನ್ನು ಅಜ್ಜ-ಅಜ್ಜಿಯರ ತೂಕ ಇಳಿದರೆ "ಆಹಾ, ಸ್ಲಿಮ್ ಆದಿರಿ" ಎಂದು ಹೊಗಳುವ ಅಭ್ಯಾಸ ಒಂದಿದೆ. ವಯಸ್ಸಾದಂತೆ ಕರಗುವುದರಲ್ಲಿ ಮಾಂಸಖಂಡದ ಪಾಲು ದೊಡ್ಡದು. ಮೆಟ್ಟಿಲು ಹತ್ತುವ, ಜಾರಿದಾಗ ತಡೆದು ನಿಲ್ಲುವ ಬಲವೇ ಅದು. ಏನೂ ಪ್ರಯತ್ನ ಮಾಡದೆ ಕೆಲವು ತಿಂಗಳಲ್ಲಿ ರವಿಕೆ, ಪ್ಯಾಂಟು ಸಡಿಲವಾದರೆ ಡಾಕ್ಟರರಿಗೆ ತೋರಿಸಬೇಕು. ರಾತ್ರಿಗೆ ಬರೀ ಗಂಜಿ ಕುಡಿದು ಮಲಗುವ ಅಜ್ಜಿಯರಿಗೆ ಬೇಳೆ, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಬಡಿಸುವುದು ಮನೆಯವರ ಕೆಲಸ.

ಬಿಎಂಐ ಜೊತೆಗೆ ದರ್ಜಿಯ ಟೇಪೂ ಇರಲಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟದಿದ್ದರೆ ಒಳ್ಳೆಯದು. ಅಳೆಯುವಾಗ ಯಾರನ್ನೂ "ಡುಮ್ಮ" ಎಂದು ರೇಗಿಸಬೇಡಿ ಮಕ್ಕಳೇ, ರೇಗಿಸಿಕೊಂಡವರು ಮತ್ತೆ ತಕ್ಕಡಿ ಹತ್ತಿರವೇ ಬರುವುದಿಲ್ಲ. ಅಜ್ಜ-ಅಜ್ಜಿಯ ಎತ್ತರವನ್ನು ಹಳೇ ಕಾಗದದಿಂದ ತೆಗೆದುಕೊಳ್ಳದೆ ಗೋಡೆಗೆ ನಿಲ್ಲಿಸಿ ಹೊಸದಾಗಿ ಅಳೆಯಿರಿ. ನಾನು ಕೆಲಸಕ್ಕೆ ಸೇರುವಾಗ ಬರೆಸಿದ್ದಕ್ಕಿಂತ ಈಗ ಒಂದೂವರೆ ಇಂಚು ಕುಳ್ಳ.