ಕೌಶಲವನ್ನು ತರಗತಿಯಲ್ಲೇ ಅಳೆಯಿರಿ
ಬಿ.ಎಡ್. ಪ್ರಶಿಕ್ಷಣಾರ್ಥಿಗಳ ತಂತ್ರಜ್ಞಾನ ಕೌಶಲ ತಿಳಿಯಲು ಆನ್‌ಲೈನ್ ಬಹುಆಯ್ಕೆ ಪರೀಕ್ಷೆಯೊಂದೇ ಸಾಕು ಎಂಬ ವಾದ ಒಪ್ಪತಕ್ಕದ್ದಲ್ಲ. ಎಕ್ಸೆಲ್ ಸೂತ್ರ ಗೊತ್ತಿದ್ದವರಿಗೆಲ್ಲ ಭಿನ್ನರಾಶಿ ಕಲಿಸಲು ಬರುತ್ತದೆಯೇ? ವಿಷಯ, ಬೋಧನೆ, ತಂತ್ರಜ್ಞಾನ ಈ ಮೂರರ ತಿಳಿವಳಿಕೆ ಒಂದರೊಳಗೊಂದು ಬೆರೆತಿರಬೇಕೆಂದು ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ, ಮ್ಯಾಥ್ಯೂ ಕೋಹ್ಲರ್ 2006ರಲ್ಲೇ ವಾದಿಸಿದ್ದರು. ಎರಡು ವರ್ಷದ ನಮ್ಮ ಬಿ.ಎಡ್.ನಲ್ಲಿ ಶಾಲಾ ಇಂಟರ್ನ್‌ಶಿಪ್‌ಗೆಂದೇ ವಾರಗಟ್ಟಲೆ ಸಮಯವಿದೆ. ಅಳೆಯುವುದಾದರೆ ಅಲ್ಲಿ ಅಳೆಯಿರಿ. ದೀಕ್ಷಾ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿರುವ ಅಷ್ಟೊಂದು ವಿಡಿಯೊಗಳಲ್ಲಿ ಇದನ್ನೇ ಯಾಕೆ ಆರಿಸಿದರು, ಎಲ್ಲಿ ನಿಲ್ಲಿಸಿ ಮಕ್ಕಳನ್ನು ಪ್ರಶ್ನಿಸಿದರು, ಕರೆಂಟು ಹೋದಾಗ ಪಾಠ ಏನಾಯಿತು? ಹಿಂದಿನ ಬೆಂಚಿನಲ್ಲಿ ಕೂತು ನೋಡಿದವರಿಗಷ್ಟೇ ಇದು ತಿಳಿಯುತ್ತದೆ. ಮೌಲ್ಯಮಾಪಕರಿಗೆ ಶ್ರಮ ಹೆಚ್ಚು, ನಿಜ. ಆದರೆ ಸುಲಭವೆಂಬ ಒಂದೇ ಕಾರಣಕ್ಕೆ ತಪ್ಪು ಪರೀಕ್ಷೆ ನಡೆಸಿ, ಅದರಲ್ಲಿ ಪಾಸಾದವರನ್ನು ಸಿದ್ಧ ಶಿಕ್ಷಕರೆಂದು ಶಾಲೆಗೆ ಕಳಿಸಬೇಡಿ.