ಇ–ಮೇಲ್ ಹೋಗಿತ್ತು, ಮಾತು ತಲುಪಿರಲಿಲ್ಲ

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಸಿಬ್ಬಂದಿಯ ಅಳಲು ಕೇಳಲೆಂದೇ ‘ಫ್ರೀಡಂ ಟು ಸ್ಪೀಕ್ ಅಪ್’ ಗಾರ್ಡಿಯನ್‌ಗಳಿದ್ದಾರೆ. ಅವರ ಮೇಲುಸ್ತುವಾರಿಗೆ ಪ್ರತ್ಯೇಕ ರಾಷ್ಟ್ರೀಯ ಕಚೇರಿ ಬೇಕಿಲ್ಲ ಎಂಬ ನಿಲುವನ್ನು 2025ರ ಜುಲೈನಲ್ಲಿ ಪ್ರಕಟವಾದ ಡಾ. ಪೆನ್ನಿ ಡ್ಯಾಶ್ ವರದಿ ತಳೆಯಿತು. ಮಗಳೋ ಸೊಸೆಯೋ ಇಲ್ಲಿನ ವಾರ್ಡುಗಳಲ್ಲಿ ದುಡಿಯುತ್ತಿರುವ ಊರಿನ ಮನೆಗಳಿಗೆ ಇದು ಯಾರದೋ ಕಚೇರಿಯ ವಿಷಯ ಅನ್ನಿಸಬಹುದು. ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಕುಳಿತಿರುವ ನಮಗೆ ಹಾಗೆ ಅನ್ನಿಸುವುದಿಲ್ಲ.

ಈ ವ್ಯವಸ್ಥೆ ಹುಟ್ಟಿದ್ದಕ್ಕೂ ಲೆಕ್ಕಕ್ಕೂ ಹತ್ತಿರದ ನಂಟಿದೆ. ಸ್ಟಾಫರ್ಡ್ ಆಸ್ಪತ್ರೆಯನ್ನು ನಡೆಸುತ್ತಿದ್ದ ಟ್ರಸ್ಟ್ 2006–07ರಲ್ಲಿ 1 ಕೋಟಿ ಪೌಂಡ್ ಉಳಿಸಲು ಹೊರಟು 150ಕ್ಕೂ ಹೆಚ್ಚು ಹುದ್ದೆಗಳನ್ನು ಕಡಿತ ಮಾಡಿತು. ವಾರ್ಡಿನಲ್ಲಿ ಜನ ಸಾಲುತ್ತಿಲ್ಲ ಎಂದು ದಾದಿಯರು ಹೇಳುತ್ತಲೇ ಇದ್ದರು, ಮೇಲಿನವರು ಕೇಳಿಸಿಕೊಳ್ಳಲಿಲ್ಲ. ರೋಗಿಗಳು ನರಳಿದರು. 2013ರ ಫೆಬ್ರುವರಿಯಲ್ಲಿ ಬಂದ ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 290 ಶಿಫಾರಸುಗಳನ್ನು ಮಾಡಿತು. 2015ರಲ್ಲಿ ಅವರೇ ನಡೆಸಿದ ಇನ್ನೊಂದು ಪರಿಶೀಲನೆಯಿಂದ ಗಾರ್ಡಿಯನ್ ಹುದ್ದೆ ಬಂತು.

ಹುದ್ದೆ ಬಂದ ಮಾತ್ರಕ್ಕೆ ಮಾತು ಬರುತ್ತದೆಯೇ? ನಮ್ಮದೇ ಒಂದು ಪ್ರಸಂಗ ಹೇಳುತ್ತೇವೆ.

ನಾವು ಹಿಂದೆ ಕೆಲಸ ಮಾಡಿದ ಆಸ್ಪತ್ರೆಯೊಂದರಲ್ಲಿ ಹೆಚ್ಚುವರಿ ಪಾಳಿಯ ಸಂಬಳ ಪಡೆಯುವ ಕ್ರಮ ಬದಲಾಯಿತು. ಎಲ್ಲ ವಾರ್ಡುಗಳಿಗೂ ಇ–ಮೇಲ್ ಹೋಯಿತು. ಬರೆದವರು ನಾವೇ. ಉದ್ದವಾಗಿ, ಯಾವ ನಿಯಮವೂ ಬಿಟ್ಟುಹೋಗದಂತೆ, ಆಡಿಟ್‌ನವರು ನೋಡಿದರೂ ತಪ್ಪು ಹುಡುಕದಂತೆ ಬರೆದಿದ್ದೆವು. ಎರಡು ತಿಂಗಳ ನಂತರ ನೋಡಿದರೆ ಒಂದು ವಾರ್ಡಿನಲ್ಲಿ ಹಲವರ ಹೆಚ್ಚುವರಿ ಪಾಳಿಯ ಹಣ ಸಂದಾಯವೇ ಆಗಿರಲಿಲ್ಲ. ಅವರಲ್ಲಿ ಒಬ್ಬರು ಉಡುಪಿ ಕಡೆಯ ದಾದಿ. ‘ಯಾಕಮ್ಮಾ ಕೇಳಲಿಲ್ಲ?’ ಎಂದರೆ, ‘ಮುಂದಿನ ತಿಂಗಳು ಬರಬಹುದು ಅಂದ್ಕೊಂಡೆ ಸರ್. ಕೇಳಿದ್ರೆ ಮ್ಯಾನೇಜರ್ ಏನಂದ್ಕೊಳ್ತಾರೋ’ ಎಂದರು. ಊರಿನ ಬ್ಯಾಂಕಿಗೆ ಸಾಲದ ಕಂತು ಕಟ್ಟಲು ಗೆಳತಿಯಿಂದ ಕೈಗಡ ತೆಗೆದುಕೊಂಡಿದ್ದರಂತೆ. ಮನೆಗೆ ಫೋನ್ ಮಾಡಿದಾಗ ಮಾತ್ರ ಎಲ್ಲಾ ಚೆನ್ನಾಗಿದೆ.

ವಾರ್ಡಿಗೆ ಹೋಗಿ ನೋಡಿದ ಮೇಲೆ ನಮಗೆ ನಾಚಿಕೆಯಾಯಿತು. ಅಷ್ಟೂ ಜನರಿಗೆ ಇದ್ದದ್ದು ಎರಡು ಕಂಪ್ಯೂಟರ್. ಹನ್ನೆರಡು ಗಂಟೆಯ ಪಾಳಿಯಲ್ಲಿ ಮೇಲ್ ತೆರೆಯುವ ಪುರಸೊತ್ತು ಯಾರಿಗೂ ಇರಲಿಲ್ಲ. ಆ ಮೇಲೆ ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ವಾರಕ್ಕೊಮ್ಮೆ ನಾವೇ ಹೋಗಿ, ಒಂದೇ ಹಾಳೆಯಲ್ಲಿ ಬರೆದದ್ದನ್ನು ಹತ್ತು ನಿಮಿಷ ವಿವರಿಸತೊಡಗಿದೆವು. ಬಾಕಿ ಹಣ ಸಂದಾಯವಾಯಿತು.

ಭಾಷೆಯ ತೊಡಕೂ ಇದೆ, ಇಂಗ್ಲಿಷ್ ಬಂದರೂ ಇದೆ. ‘ಸಾಧ್ಯವಾದರೆ ಇದನ್ನೊಮ್ಮೆ ನೋಡುತ್ತೀರಾ’ ಎಂದು ಇಲ್ಲಿನ ಮ್ಯಾನೇಜರ್ ನಯವಾಗಿ ಅಂದರೆ ಅದು ಈಗಲೇ ಮಾಡಿ ಎಂಬ ಆದೇಶ. ನಮ್ಮವರು ಅದನ್ನು ಸಲಹೆ ಎಂದುಕೊಳ್ಳುತ್ತಾರೆ. ನಮ್ಮವರು ‘ಸರಿ ಮೇಡಂ’ ಅಂದರೆ ಅರ್ಥವಾಯಿತು ಎಂದು ಅವರು ತಿಳಿಯುತ್ತಾರೆ.

ಎಲ್ಲಕ್ಕಿಂತ ದೊಡ್ಡದು ವೀಸಾ ಭಯ. ಸ್ಕಿಲ್ಡ್ ವರ್ಕರ್ ವೀಸಾ ಉದ್ಯೋಗದಾತರ ಪ್ರಾಯೋಜಕತ್ವಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ ಬೇರೆ ಪ್ರಾಯೋಜಕರನ್ನು ಹುಡುಕಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಇದನ್ನು ತಲೆಯಲ್ಲಿಟ್ಟುಕೊಂಡವರು ಬಾಯಿ ತೆರೆಯುವುದು ಕಷ್ಟ. ಆದರೆ ದೂರು ಕೊಡುವುದೇ ವೀಸಾ ರದ್ದಿಗೆ ಕಾರಣವಾಗದು. ರೋಗಿಗಳ ಸುರಕ್ಷತೆಯಂಥ ವಿಷಯದಲ್ಲಿ ದನಿ ಎತ್ತಿದವರಿಗೆ 1998ರ ಕಾಯ್ದೆಯ ರಕ್ಷಣೆಯಿದೆ, ವಿದೇಶದಿಂದ ಬಂದವರಿಗೂ ಅದು ಅನ್ವಯಿಸುತ್ತದೆ. ಆರ್‌ಸಿಎನ್, ಯೂನಿಸನ್‌ನಂಥ ಸಂಘಗಳ ಸದಸ್ಯತ್ವವನ್ನು ಖರ್ಚು ಎಂದು ಉಳಿಸುವವರಿದ್ದಾರೆ. ಲೆಕ್ಕಿಗರಾಗಿ ಹೇಳುತ್ತೇವೆ, ಅದು ಉಳಿಸುವ ಹಣವಲ್ಲ. ಮುಂದಿನ ಫೋನ್ ಕರೆಯಲ್ಲಿ ಊಟದ ಜೊತೆಗೆ ಅದನ್ನೂ ವಿಚಾರಿಸಿ.

ಆ ವಾರ್ಡಿನ ಗೋಡೆಗೆ ಆಮೇಲೊಂದು ಫಲಕ ಬಂತು. ಒಂದು ಕಡೆ ಸಿಬ್ಬಂದಿ ಕೇಳಿದ್ದು, ಇನ್ನೊಂದು ಕಡೆ ಆಡಳಿತದ ಉತ್ತರ. ಉಡುಪಿಯ ಆ ದಾದಿ ವಿಶ್ರಾಂತಿ ಕೋಣೆಗೆ ಹೀಟರ್ ಬೇಕೆಂದು ಚೀಟಿ ಅಂಟಿಸಿದರು. ಈ ವರ್ಷ ಹಣವಿಲ್ಲ, ಏಪ್ರಿಲ್‌ನಲ್ಲಿ ಮತ್ತೆ ನೋಡುತ್ತೇವೆ ಎಂಬ ಉತ್ತರ ಬರೆದು ಸಹಿ ಹಾಕಿದವರೂ ನಾವೇ. ಎದುರು ಸಿಕ್ಕಾಗ ಅವರು ಮುಖ ಗಂಟಿಕ್ಕಿದರು. ಮರುವಾರ ಹೋದಾಗ ಅವರ ಕೈಬರಹದ ಇನ್ನೊಂದು ಚೀಟಿ ಅಲ್ಲಿತ್ತು.